ಒಂದೇ ಸಲ ಹೇಳುವ ಪೆಡಲ್

ತರೀಕೆರೆ
೧೨-೩-೧೯೮೬

ಬೊಂಬಾಯಿಯ ಭಾವನವರಿಗೆ ನಮಸ್ಕಾರ.

ಘೋರ ಅಪರಾಧವೊಂದನ್ನು ಒಪ್ಪಿಕೊಳ್ಳುತ್ತಿದ್ದೇನೆ: ನೀವಿಲ್ಲಿ ಬಿಟ್ಟುಹೋದ ಮದುವೆಯ ಕೋಟನ್ನು ತೊಟ್ಟು ಅಜ್ಜಂಪುರದ ಆರತಕ್ಷತೆಯಲ್ಲಿ ಗಿಟಾರ್ ನುಡಿಸಿದೆ. ಎರವಲು ತಂದು ಗಿಟಾರಿಗೆ ಜೋಡಿಸಿದ್ದ, ಕಾಲಲ್ಲಿ ಒತ್ತುವ ಡಿಲೇ ಪೆಡಲ್ ನನ್ನ ಸ್ವರಗಳನ್ನೇ ಮತ್ತೆ ಮತ್ತೆ ನುಡಿಯಿತು. ಛತ್ರಕ್ಕೆ ಛತ್ರವೇ ನನ್ನತ್ತ ತಿರುಗಿತು.

ಆದರೂ ನಮ್ಮ ಆರ್ಕೆಸ್ಟ್ರಾದ ಯಜಮಾನ ಕರಿಸಿದ್ದಪ್ಪನವರು, "ಬ್ಯಾರೆ ಪೆಡಲ್ ತಗಂಡ್ ಬಾ. ಇಲ್ದಿದ್ರೆ ಕಡೂರಿನ ಮದ್ವೇಲಿ ನೀನು ಸ್ಪೀಕರ್ ಹೊರೋನು ಕಣೋ" ಎಂದಿದ್ದಾರೆ.

ಅಲ್ಲಿನ ಅಂಗಡಿಯಲ್ಲಿ ಎರಡು ಬಗೆ ಇವೆಯೆಂದು ಬರೆದಿದ್ದೀರಿ. ಹತ್ತಾರು ಸಲ ಮರುನುಡಿಯುವ ದೊಡ್ಡದು ಬೇಡ. ಒಂದೇ ಸಲ ಹೇಳಿ ಸುಮ್ಮನಾಗುವ ಚಿಕ್ಕದನ್ನು ಕಳಿಸಿ. ಹೆಸರೇ ಡಿಲೇ ಎಂದು ನೀವೂ ತಡಮಾಡಬೇಡಿ.

ಚಿಕ್ಕದೇ ಏಕೆಂದು ಅಕ್ಕ ಕೇಳಿದರೆ ಮೆಲ್ಲಗೆ ಹೇಳಿ: ಅಂದು ನಾನು ತಪ್ಪಿದ್ದು ಒಂದೇ ಸ್ವರ. ಪೆಡಲ್ ಅದನ್ನು ಹೆಣ್ಣಿನ ಕಡೆಯವರಿಗೆ, ಗಂಡಿನ ಕಡೆಯವರಿಗೆ ಬೇರೆಬೇರೆಯಾಗಿ ಹೇಳಿ, ಕೊನೆಗೆ ಅಡುಗೆಯವರಿಗೂ ತಿಳಿಸಿತು.

ಇಂತಿ ನಿಮ್ಮ ಭಾಮೈದ,
ರೇವಣ್ಣ