ಹದಿನಾಲ್ಕನೇ ಕಲಂ ಮತ್ತು ಒಂದು ಸೀಟಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಮಗಳು ಗೀತಾಂಜಲಿ ಈ ವರ್ಷ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ಖಾಸಗಿಯಾಗಿ ಬರೆಯಬೇಕು. ಅವಳ ಅರ್ಜಿ ಹನ್ನೊಂದು ವಾರಗಳಿಂದ ತಮ್ಮ ಕಚೇರಿಯಲ್ಲಿ ಮಲಗಿದೆ. ಅದರ ಹದಿನಾಲ್ಕನೇ ಕಲಮಿನಲ್ಲಿ ‘ಮನೆಪಾಠದ ಪದ್ಧತಿ: ವೇಳಾಪಟ್ಟಿಯುಳ್ಳದ್ದು / ಮುಕ್ತವಾದದ್ದು. ಅನ್ವಯಿಸದ್ದನ್ನು ಹೊಡೆದುಹಾಕಿ’ ಎಂದಿದೆ. ನಾನು ಯಾವುದನ್ನೂ ಹೊಡೆದುಹಾಕಲಿಲ್ಲ. “ಎರಡೂ ಬಿಟ್ರ ನಡಿಯಂಗಿಲ್ರಿ ಕಂಟ್ರೋಲರೇ, ಒಂದು ಹೋಗಬೇಕು” ಎಂದು ತಮ್ಮ ಗುಮಾಸ್ತರು ಅರ್ಜಿಯನ್ನು ಪಕ್ಕಕ್ಕಿಟ್ಟರು. ಕೊನೆಯ ದಿನಾಂಕಕ್ಕೆ ಇನ್ನು ಒಂಬತ್ತೇ ದಿನ.

ಮನೆಪಾಠ ನಮಗೆ ಶೋಕಿಯಲ್ಲ. ಹೋದ ವರ್ಷ ಇವಳು ಹುಣಸೆಮರ ಹತ್ತಿ, ಇಳಿಯುವ ಕೆಲಸವನ್ನು ಟೊಂಗೆಗೆ ವಹಿಸಿದಳು. ತೊಡೆಯ ಮೂಳೆ ಮುರಿಯಿತು. ಎರಡು ಸಲ ಪ್ಲಾಸ್ಟರ್ ಆಗಿ ಎದ್ದು ಕೂರುವಷ್ಟರಲ್ಲಿ, ಹಾಜರಾತಿ ಸಾಲದೆಂದು ಶಾಲೆಯವರು ಹೆಸರನ್ನೇ ಹೊಡೆದುಹಾಕಿದ್ದರು. ಮಂಚದ ಸಮೇತ ಹೋಗಿ ಹಾಜರಿ ಹೇಳಬೇಕಿತ್ತೇ? ಅದೂ ನಮಗೆ ಹೊಳೆಯಲಿಲ್ಲ, ತಪ್ಪಾಯಿತು.

ನಾನು ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕ, ಜನರ ಬಾಯಲ್ಲಿ ‘ಕಂಟ್ರೋಲರ್’. ಹಡಗಲಿಯ ಬಸ್ಸು ಬರಲಿ ಬಿಡಲಿ, ಅದು ಬರುವ ವೇಳೆಯನ್ನು ಫಲಕದ ಮೇಲೆ ಬರೆಯುವುದು ನನ್ನ ಧರ್ಮ. ಆ ಧರ್ಮವನ್ನೇ ಮನೆಗೂ ತಂದೆ. 5.40ಕ್ಕೆ ಗಣಿತ, 6.20ಕ್ಕೆ ಕನ್ನಡ, 7.00ಕ್ಕೆ ವಿಜ್ಞಾನ. ವೇಳೆಯಾದೊಡನೆ ಸೀಟಿ ಊದುತ್ತಿದ್ದೆ. ಭಾಗಾಕಾರದ ನಡುವೆ ಇದ್ದರೂ ಪುಸ್ತಕ ಮುಚ್ಚಬೇಕು.

“ಅಪ್ಪಾಜಿ, ಇನ್ನೊಂದ ಸಾಲು ಐತ್ರಿ!”

“ಗಾಡಿ ಹೋತವ್ವ, ಮುಂದಿಂದು ಹತ್ತು!”

ತಿಂಗಳಾದ ಮೇಲೆ ನೋಟ್‌ಬುಕ್ ತಿರುವಿದರೆ ಒಂದು ಭಾಗಾಕಾರವೂ ಮುಗಿದಿರಲಿಲ್ಲ. ನನ್ನ ಹೆಂಡತಿ ಕೊಟ್ರಬಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು: “ಏನ್ರಿ, ಬಸ್ ಸ್ಟ್ಯಾಂಡನ್ನ ಮನೀಗೆ ತಂದೀರಲ್ಲ, ಕೂಸಿಗೆ ಉಸಿರು ಬಿಡಾಕ ಎಷ್ಟಕ್ಕ ಟೈಮ್ ಹಾಕೀರಿ?” ಅದೇ ವಾರ ತಮ್ಮ ಪರಿವೀಕ್ಷಕರು ಬಂದರು. ‘ಮಗುವಿನ ಮುಖದಲ್ಲಿ ನಲಿವಿಲ್ಲ. ಮುಕ್ತ ವಿಧಾನ ಅನುಸರಿಸತಕ್ಕದ್ದು’ ಎಂದು ಬರೆದರು. ಆ ಮಾತು ನಿಜವೇ ಆಗಿತ್ತು. ನನಗೆ ನಾಚಿಕೆಯಾಯಿತು.

ಸರಿ, ಸರ್ಕಾರವೇ ನಲಿ ಎಂದಮೇಲೆ ನಲಿಯದಿರಲು ನಾವು ಯಾರು? ಫಲಕ ಅಳಿಸಿ ಮಗಳನ್ನು ಅವಳ ತಾಯಿಗೆ ಒಪ್ಪಿಸಿದೆ. ಕೊಟ್ರಬಸಮ್ಮನದು ಮಂಡಕ್ಕಿ ಭಟ್ಟಿ. ಭಿನ್ನರಾಶಿಯೆಂದರೆ ಅಳುತ್ತಿದ್ದ ಹುಡುಗಿ ಸೇರು, ಅಚ್ಚೇರು, ಪಾವು ಅಳೆಯುತ್ತ ಎಂಟೇ ದಿನದಲ್ಲಿ ಮುಕ್ಕಾಲಿನಲ್ಲಿ ಅರೆಕಾಲು ಕಳೆಯತೊಡಗಿದಳು.

“ಅವ್ವಾ, ಕಾದ ಉಸುಕಿನಾಗ ಹಾಕಿದ್ರ ಅಕ್ಕಿ ಯಾಕ ಅರಳ್ತೈತಿ?”

“ಅರಳ್ತೈತಿ, ಅಷ್ಟ. ಯಾಕಂತ ನಿಮ್ಮಪ್ಪನ ಪುಸ್ತಕದಾಗ ನೋಡು.”

ಕುಂಟುತ್ತ ಹೋಗಿ ತಾನೇ ಹುಡುಕಿದಳು. ಕಾಳಿನೊಳಗಿನ ನೀರು ಆವಿಯಾಗಿ ಹಿಗ್ಗುತ್ತದೆಂದು ಓದಿ ಬೀದಿಗೆಲ್ಲ ಸಾರಿದಳು. ಅವಳ ಮುಖ ನೋಡಿ ನನಗೂ ಹಿಗ್ಗು. ಆದರೆ ಮುಚ್ಚಿಡಲಾರೆ, ಆ ಮೂರು ವಾರ ಇಂಗ್ಲಿಷ್ ಪುಸ್ತಕದ ಮೇಲೆ ಹುಣಸೆಹಣ್ಣು ಒಣಗುತ್ತಿತ್ತು.

ಆಗಲೇ ತಮ್ಮ ಪರಿವೀಕ್ಷಕರು, ಅವರೇ, ಎರಡನೇ ಸಲ ಬಂದರು. ‘ವೇಳಾಪಟ್ಟಿ ಇಲ್ಲ. ಮಗುವಿನ ಕೈಯಲ್ಲಿ ಪುಸ್ತಕದ ಬದಲು ಜರಡಿ ಇದೆ’ ಎಂದು ಬರೆದರು. ಬರೆಯುವ ಮುಂಚೆ ಎರಡು ಪ್ಲೇಟು ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ ತಿಂದದ್ದು ವರದಿಯಲ್ಲಿಲ್ಲ. ಅವರ ಮುಖದಲ್ಲಿ ನಲಿವು ಇತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಈಗ ಹೇಳಿ, ನಾನು ಯಾವುದನ್ನು ಹೊಡೆದುಹಾಕಲಿ? ನಮ್ಮ ಕೂಡ್ಲಿಗಿ ಬಸ್ಸನ್ನೇ ನೋಡಿ. ಹೊರಡಲು ಅದಕ್ಕೊಂದು ವೇಳೆಯಿದೆ. ದಾರಿಯಲ್ಲಿ ಹೊಲದ ಬದುವಿನಿಂದ ಯಾರೋ ಮುದುಕಿ ಕೈ ಮಾಡಿದರೆ ನಿಲ್ಲುತ್ತದೆ. ಅದು ವೇಳಾಪಟ್ಟಿಯ ಬಸ್ಸೋ, ಮುಕ್ತ ಬಸ್ಸೋ ಎಂದು ಒಳಗೆ ಕೂತವರು ಯಾರಾದರೂ ಕೇಳಿದ್ದಾರೆಯೇ? ಊರು ಮುಟ್ಟಿದರೆ ಸಾಕಲ್ಲವೇ? ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವನಿಗೆ ಇದು ಮನೆಯಲ್ಲಿ ಹೊಳೆಯಲು ಮಗಳ ಕಾಲು ಮುರಿಯಬೇಕಾಯಿತು. ಈಗ ನಮ್ಮಲ್ಲಿ 5.40ಕ್ಕೆ ಪಾಠ ಶುರು, ಇಂಗ್ಲಿಷಿಗೆ ರಜೆಯಿಲ್ಲ, ಮಧ್ಯಾಹ್ನ ಭಟ್ಟಿ. ಆದರೆ ಸೀಟಿಯನ್ನು ಮಗಳ ಕೈಗೆ ಕೊಟ್ಟಿದ್ದೇನೆ. ಲೆಕ್ಕ ಮುಗಿದ ಮೇಲೆ ಅವಳೇ ಊದುತ್ತಾಳೆ. ಕೆಲವು ದಿನ ಆರಕ್ಕೇ ಊದುತ್ತಾಳೆ, ಕೆಲವು ದಿನ ಏಳೂವರೆಯಾದರೂ ಸದ್ದಿಲ್ಲ. ಆಗೆಲ್ಲ ನಾನು ಹೊರಗೆ ಚಡಪಡಿಸುತ್ತ ನಿಲ್ಲುತ್ತೇನೆ.

ನಿನ್ನೆ ಅವಳು ಕೇಳಿದಳು: “ಅಪ್ಪಾಜಿ, ಬಸ್ ತಡ ಆದ್ರ ಮಂದಿ ಕಾಯ್ತಾರ. ನಾನು ತಡ ಆದ್ರ ಪರೀಕ್ಷಿ ಕಾಯ್ತೈತೇನ್ರಿ?” ನಾನು ಎದ್ದು ಹೋಗಿ ಈ ಪತ್ರ ಬರೆಯಲು ಕೂತೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಈ ಒಂಬತ್ತು ದಿನಗಳೊಳಗೆ ತಾವೇ ಬನ್ನಿ, ಪದ್ಧತಿಯನ್ನು ಬಿಟ್ಟು ಹುಡುಗಿಯನ್ನು ಪರೀಕ್ಷಿಸಿ. ಏನು ಬೇಕಾದರೂ ಕೇಳಿ. ಅವಳಿಗೆ ಉತ್ತರ ಬಾರದಿದ್ದರೆ ಅರ್ಜಿಯನ್ನು ನಾನೇ ಹರಿಯುತ್ತೇನೆ. ಬಂದರೆ ಹದಿನಾಲ್ಕನೇ ಕಲಮನ್ನು ಹೊಡೆದುಹಾಕಿ. ನನ್ನ ಮಗಳ ಹೆಸರನ್ನು ಒಮ್ಮೆ ಹೊಡೆದುಹಾಕಿದ್ದಾರೆ, ಎರಡನೇ ಸಲ ಅದನ್ನು ನೋಡುವ ಶಕ್ತಿ ನನಗಿಲ್ಲ.

ಒಂದೇ ಸೂಚನೆ: ಅವಳು ಲೆಕ್ಕದ ನಡುವೆ ಇದ್ದರೆ ದಯವಿಟ್ಟು ಬಾಗಿಲಲ್ಲೇ ಕಾಯಬೇಕು. ನಾನೂ ಅಲ್ಲಿಯೇ ಕಾಯುತ್ತಿರುತ್ತೇನೆ.

ಇಂತಿ,
ಸೀಟಿ ಕಳೆದುಕೊಂಡ ಸಂಚಾರ ನಿಯಂತ್ರಕ,
ಪಾಲಾಕ್ಷಪ್ಪ
(ಗೀತಾಂಜಲಿಯ ಅಪ್ಪ)