ನಮ್ಮ ಗಿರಣಿಯ ಬೆಡ್‌ಶೀಟ್

ಅವ್ವಾ,

ಇವತ್ತು ಕೈರೋಗೆ ಹೋಗಿ ಒಂದು ಬೆಡ್‌ಶೀಟ್ ಕೊಂಡು ತಂದೆ. ನಮ್ಮ ಗಿರಣಿಯದೇ. ನೀನು ಆಯುಷ್ಯವಿಡೀ ಮಗ್ಗದ ಮುಂದೆ ನಿಂತು ನೇಯ್ದ ಅದೇ ಬಿಳಿ ಹತ್ತಿಯದು. ನನ್ನ ಒಂದು ತಿಂಗಳ ಸಂಬಳ ಪೂರ್ತಿ ಹೋಯಿತು. ಹೋಗಲಿ! ನೇಯುವವರು ಹರಕು ಕಂಬಳಿಯ ಮೇಲೇ ಮಲಗಬೇಕು ಅಂತ ಯಾವ ಕಿತಾಬಿನಲ್ಲೂ ಬರೆದಿಲ್ಲ.

ಅಂಗಡಿಯ ಬಾಗಿಲಲ್ಲಿ ಕಾವಲುಗಾರನೊಬ್ಬ ನಿಂತಿದ್ದ. ಚೀಲ ಹಿಡಿದು ಅವನ ಹತ್ತಿರ ಬಂದೆ ನೋಡು, ನನ್ನ ಎರಡೂ ಕೈಗಳು ತಾವಾಗಿಯೇ ಮೇಲೆದ್ದವು. ಒಂದು ನೂಲೂ ಕದ್ದಿಲ್ಲ ಅಂತ ಮೈ ತಡವಿಸಿಕೊಳ್ಳಲು ಗಿರಣಿ ಗೇಟಿನಲ್ಲಿ ದಿನಾ ಸಂಜೆ ನಾವಿಬ್ಬರೂ ಎತ್ತುತ್ತಿದ್ದೆವಲ್ಲ, ಹಾಗೆ.

"ಯಾಕಕ್ಕಾ, ಕುಣೀತೀಯಾ? ದುಡ್ಡು ಕೊಟ್ಟಿದ್ದೀಯಲ್ಲ, ಹೋಗು" ಎಂದು ಅವನು ನಕ್ಕ. ಆ ಕೈಗಳನ್ನು ಅಲ್ಲೇ ಕಡಿದು ಬಿಸಾಡಬೇಕು ಅನ್ನಿಸಿತು.

ಪಕ್ಕದ ಮನೆಯ ತಹಿಯಾ ಅತ್ತೆ ಬಟ್ಟೆ ಮುಟ್ಟಿ ನೋಡಿ, "ಹುಚ್ಚಿ, ಇದರ ಮೇಲೆ ಮಲಗೋಕೆ ನೀನೇನು ಪಾಷಾನ ಹೆಂಡ್ತೀನಾ?" ಎಂದಳು. ಆಮೇಲೆ ಮೆಲ್ಲಗೆ, "ಆವತ್ತು ಇಂಥದೊಂದು ಇದ್ದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ನಿನ್ನನ್ನು ಮಣ್ಣಿಗಿಳಿಸುವಾಗ ಸುತ್ತಿದ್ದು ಮಸೀದಿಯವರು ದಾನ ಕೊಟ್ಟ ಬಟ್ಟೆ. ನಾನು ಚಹಾ ಕಾಯಿಸಲು ಎದ್ದು ಹೋದೆ.

ಈಗ ಮಂಚಕ್ಕೆ ಹಾಸಿದ್ದೇನೆ. ನಿನ್ನ ಹಾಗೆಯೇ ಅಂಚನ್ನು ಉಗುರಿನಿಂದ ಗೀರಿ ನೋಡಿದೆ, ಒಂದೆಳೆಯೂ ತಪ್ಪಿಲ್ಲ. ಗೋಡೆಯ ಕಡೆ ನಿನ್ನ ಜಾಗ. ನಾನು ಈ ತುದಿಯಲ್ಲೇ ಮಲಗುತ್ತೇನೆ. ಅಲ್ಲಿ ಸುಕ್ಕು ಬೀಳಬಾರದು.