ಮೇಷ್ಟ್ರನ್ನು ಬೀಳ್ಕೊಡಲು ಎದ್ದದ್ದು

ಕುಶಿಕಿನೊ
ಮೇ 14, ಭಾನುವಾರ

ಮಗನೇ ಕಾತ್ಸುಹಿರೊ,

ಹೇಗಿದ್ದೀಯ? ಹೋದ ಸಲ ಫೋನಿನಲ್ಲಿ ನೀನು ಸೊಂಟ ಹಿಡಿದುಕೊಂಡಿದೆ ಎಂದಿದ್ದೆ. ಮೀನು ತುಂಬುವ ಹಿಮದ ಕೋಣೆಗೆ ಇಳಿಯುವಾಗ ನಾನು ಕೊಟ್ಟ ಉಣ್ಣೆಯ ಪಟ್ಟಿ ಸುತ್ತಿಕೊಳ್ಳುತ್ತೀಯೋ, ಪೆಟ್ಟಿಗೆಯಲ್ಲೇ ಇದೆಯೋ? ಈ ಪತ್ರವನ್ನು ಕಂಪನಿಯವರು ಕೇಪ್‌ಟೌನಿಗೆ ಕಳಿಸುತ್ತಾರಂತೆ, ನಿಮ್ಮ ಹಡಗು ಅಲ್ಲಿಗೆ ಬಂದಾಗ ಸಿಗುತ್ತದಂತೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಬಂದಾಗಲೆಲ್ಲ ನಿನ್ನ ಮಗಳು ಚಿಹೋ ಪಕ್ಕದಲ್ಲೇ ಇರುತ್ತಾಳೆ, ಹೇಳಬೇಕಾದದ್ದು ಅವಳ ವಿಷಯ. ಅವಳು ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ನಾಲ್ಕು ಸಾಲು ಬರೆಯುತ್ತೇನೆ, ಮೆಟ್ಟಿಲ ಸದ್ದಾದರೆ ದಿಂಬಿನ ಕೆಳಗೆ ತುರುಕುತ್ತೇನೆ. ಅಕ್ಷರ ಅತ್ತಿತ್ತ ಓಡಿದ್ದರೆ ಅದಕ್ಕೇ.

ಮೊದಲು ನನ್ನ ಸಂಗತಿ. ನೀನು ಹಡಗು ಹತ್ತುವಾಗ ನಾನು ಕೋಲೂರಿ ಬಾಗಿಲವರೆಗೆ ಬಂದಿದ್ದೆ. ಈಗ ಅದಾಗುವುದಿಲ್ಲ. ಜನವರಿಯಲ್ಲಿ ಸ್ನಾನದ ಮನೆಯಲ್ಲಿ ಬಿದ್ದೆ. ಅಲ್ಲಿಂದೀಚೆಗೆ ಎಡಗಾಲು ನಿಲ್ಲುವುದಿಲ್ಲ, ಎಡಗೈ ಮೊದಲಿನಂತೆಯೇ ಸತ್ತಿದೆ. ಎಬ್ಬಿಸುವುದು, ಮೈ ಒರೆಸುವುದು, ಬಟ್ಟೆ ಬದಲಿಸುವುದು, ಹಾಸಿಗೆಯ ಪಕ್ಕದ ಕಮೋಡು ತೊಳೆಯುವುದು, ಎಲ್ಲ ಚಿಹೋ. ಬೆಳಿಗ್ಗೆ ನನಗೆ ಗಂಜಿ ತಿನ್ನಿಸಿ, ಮಧ್ಯಾಹ್ನದ ಅನ್ನದುಂಡೆ ಕೈಗೆಟಕುವಂತೆ ಇಟ್ಟು ಶಾಲೆಗೆ ಓಡುತ್ತಾಳೆ. ಎಷ್ಟೋ ದಿನ ತಡವಾಗುತ್ತದೆ. ನಿನಗೆ ಫೋನಿನಲ್ಲಿ "ಎಲ್ಲ ಆರಾಮಪ್ಪಾ" ಎನ್ನುವವಳೂ ಅವಳೇ. ಸಹಾಯಕ್ಕೆ ಯಾರನ್ನಾದರೂ ಕೇಳೋಣವೆಂದರೆ, "ನಮ್ಮನೆ ಕಷ್ಟಾನ ಊರಿಗೆಲ್ಲ ಹಂಚಬೇಕಾ ಅಜ್ಜಿ?" ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ. ಅವಳಮ್ಮ ಬದುಕಿದ್ದಿದ್ದರೆ ಇಷ್ಟರಲ್ಲಿ ಒಂದು ದಾರಿ ಹುಡುಕುತ್ತಿದ್ದಳು.

ಮೊನ್ನೆ ಗುರುವಾರ ಅವಳ ತರಗತಿಯ ಕುವಾಬಾರಾ ಮೇಷ್ಟ್ರು ಮನೆಗೆ ಬರುವವರಿದ್ದರು. ಗೊತ್ತಲ್ಲ, ವಸಂತದಲ್ಲಿ ಮೇಷ್ಟ್ರು ಮಕ್ಕಳ ಮನೆಮನೆಗೂ ಬರುವುದು. ಹಿಂದಿನ ಸಂಜೆಯಿಡೀ ಚಿಹೋ ಮನೆ ಉಜ್ಜಿದಳು. ನನ್ನ ಡಯಾಪರ್ ಕಟ್ಟುಗಳು ಹಾಸಿಗೆ ಮಡಿಸಿಡುವ ಬೀರುವಿಗೆ ಹೋದವು. ಕಮೋಡಿಗೆ ನೇರಳೆ ಬಟ್ಟೆ ಹೊದಿಸಿ, ಮೇಲೆ ಹೂದಾನಿ ಇಟ್ಟು ಮೂಲೆಗೆ ತಳ್ಳಿದಳು. ಅಷ್ಟು ಚೆನ್ನಾದ ಹೂವಿನ ಪೀಠ ಈ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲ ಎಂದೆ, ನಗಲಿಲ್ಲ. ಗುರುವಾರ ನನಗೆ ಒಳ್ಳೆಯ ಕಿಮೊನೊ ಉಡಿಸಿ, ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೆ ಶಾಲು ಹೊದಿಸಿ ಎಡಗೈಯನ್ನು ಅದರಡಿ ಇಟ್ಟಳು. "ನೀನು ಸುಮ್ನೆ ನಗ್ತಾ ಇರು, ಅಷ್ಟು ಸಾಕು" ಎಂದಳು.

ಮೇಷ್ಟ್ರು ಚಿಕ್ಕ ವಯಸ್ಸಿನವರು, ಆಳು ದೊಡ್ಡದು, ಚಾಪೆಯ ಮೇಲೆ ಮಂಡಿಯೂರಿ ಕೂರಲು ಒದ್ದಾಡಿದರು. ಮನೆ ನೋಡಿ ಬಹಳ ಮೆಚ್ಚಿಕೊಂಡರು. "ಇಷ್ಟು ಅಚ್ಚುಕಟ್ಟಾದ ಮನೆ, ಇಷ್ಟು ಹಸನ್ಮುಖಿ ಅಜ್ಜಿ. ಆದ್ರೂ ಮೊದಲ್ನೇ ಪಾಠದಲ್ಲಿ ಇವಳು ನಿದ್ದೆ ಹೊಡೀತಾಳಲ್ಲಮ್ಮಾ, ರಾತ್ರಿ ಎಲ್ಲ ಫೋನ್ ನೋಡ್ತಾಳಾ?" ನಾನು ಬಾಯಿ ತೆರೆಯುವ ಮೊದಲೇ ಚಿಹೋ, "ಹೌದು ಸರ್, ಫೋನೇ. ಇನ್ಮೇಲೆ ನೋಡಲ್ಲ" ಎಂದಳು. ಮೇಲಿನ ಶಾಲೆಯ ಪ್ರವೇಶ ಪರೀಕ್ಷೆಯ ಮಾತು ಬಂತು. "ಬರೆಯಲ್ಲ ಸರ್. ಓದು ನನ್ ತಲೆಗೆ ಹತ್ತಲ್ಲ. ಮೀನಿನ ಕಾರ್ಖಾನೆಗೆ ಸೇರ್ತೀನಿ." ನಾನು ಅದನ್ನು ಕೇಳಿದ್ದು ಅದೇ ಮೊದಲು. ಓದು ಹತ್ತದ ಹುಡುಗಿಯೇ ಅವಳು? ನನ್ನ ಔಷಧಿ ಡಬ್ಬಿಯ ಸಣ್ಣ ಅಕ್ಷರವನ್ನೂ ಬಿಡದೆ ಓದಿ ಅರ್ಥ ಹೇಳುವವಳು! ಮೇಷ್ಟ್ರು ಮುಂದಿನ ಮನೆಗೆ ಹೊತ್ತಾಯಿತೆಂದು ಎದ್ದರು.

ಅತಿಥಿ ಎದ್ದರೆ ಮನೆಯ ಹಿರಿಯರು ಹೊಸ್ತಿಲವರೆಗೆ ಹೋಗಿ ಬಾಗಬೇಕು. ಹುಟ್ಟಿದಾಗಿನಿಂದ ಮಾಡಿದ್ದು, ಮೈ ತಾನಾಗಿ ಎದ್ದಿತು. ಕಾಲಿಲ್ಲವೆಂದು ನೆನಪಾದದ್ದು ಅರ್ಧ ಎದ್ದ ಮೇಲೆ. ಚಿಹೋ ಚಹಾದ ತಟ್ಟೆ ಬಿಸಾಡಿ ಬಂದು, ತನ್ನ ಮಂಡಿಯನ್ನು ನನ್ನ ಮಂಡಿಗೆ ಒತ್ತಿ, ಬೆನ್ನ ಹಿಂದೆ ನಡುಪಟ್ಟಿ ಹಿಡಿದು, "ಒಂದು, ಎರಡು, ಹೂಂ, ಈಗ ಕೂತ್ಕೋ" ಎಂದು ಇಳಿಸಿದಳು. ಶಾಲು ಜಾರಿ ಕೈ ಜೋತುಬಿತ್ತು. ಒಂದು ಕಾಲಿಗೆ ಬೂಟು ಹಾಕಿದ್ದ ಮೇಷ್ಟ್ರು ಅದನ್ನು ಬಿಚ್ಚಿ ಮತ್ತೆ ಒಳಗೆ ಬಂದರು.

"ಇದನ್ನ ಯಾರು ಕಲಿಸಿದ್ರು?" ಎಂದು ಕೇಳಿದರು.

"ಯಾರೂ ಇಲ್ಲ ಸರ್. ಇದೇನ್ ಮಹಾ? ಎಲ್ಲರ ಮನೇಲೂ ಮಾಡ್ತಾರೆ."

"ನನ್ ತರಗತೀಲಿ ಇನ್ಯಾರಿಗೂ ಬರಲ್ಲಮ್ಮಾ. ನನಗೂ ಬರಲ್ಲ."

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಅವರು ಅವಳನ್ನು ಬೈಯಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ತಡವಾಗಿ ಬಂದ ದಿನ ಯಾರೂ ಕಾರಣ ಕೇಳದ ಹಾಗೆ ಉಳಿದ ಮೇಷ್ಟ್ರುಗಳಿಗೆ ಹೇಳುತ್ತಾರಂತೆ, ತಪ್ಪಿದ ಪಾಠವನ್ನು ಊಟದ ಬಿಡುವಿನಲ್ಲಿ ತಾವೇ ಹೇಳಿಕೊಡುತ್ತಾರಂತೆ. ಅವರು ಹೇಳಿದ್ದರಿಂದ ನಗರ ಕಚೇರಿಯ ಹೆಂಗಸೊಬ್ಬರು ಮರುದಿನವೇ ಬಂದರು. ಶಾಲೆಯಿರುವ ದಿನಗಳಲ್ಲಿ ನನ್ನನ್ನು ಕಾರಿನಲ್ಲಿ ವೃದ್ಧರ ಹಗಲು ಕೇಂದ್ರಕ್ಕೆ ಕರೆದೊಯ್ಯುವ, ಅಲ್ಲೇ ಸ್ನಾನ, ಊಟ ಮಾಡಿಸುವ ಏರ್ಪಾಡಿದೆಯಂತೆ. ಪರರ ಕೈಯಲ್ಲಿ ಸ್ನಾನ ಎಂದರೆ ನನಗೆ ಮೈಯೆಲ್ಲ ಮುಳ್ಳು. ಆದರೂ ಒಪ್ಪಿದೆ. ಚಿಹೋ ಅಂದಿನಿಂದ ನನ್ನೊಡನೆ ಮಾತಾಡುತ್ತಿಲ್ಲ. ಕೆಲಸ ಒಂದನ್ನೂ ಬಿಟ್ಟಿಲ್ಲ. ಮಾತಿಲ್ಲದೆ ಮೈ ಒರೆಸಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನಿನಗೆ ಹೇಗೆ ಹೇಳಲಿ? ಕಾರು ಬಂದರೆ ಬಾಗಿಲು ತೆರೆಯುವುದಿಲ್ಲ ಎಂದು ಗೋಡೆಗೆ ಹೇಳಿದಳು.

ಇನ್ನು ಮುಗಿಸುತ್ತೇನೆ, ಮೇಲೆ ಬುಟ್ಟಿಯ ಸದ್ದಾಯಿತು. ನಿಮ್ಮ ಹಡಗಿನವರೆಲ್ಲರ ಕೈಕಾಲು ಗಟ್ಟಿಯಾಗಿರಲಿ, ಸಮುದ್ರ ನಿಮ್ಮನ್ನು ಹೇಗೆ ಕೊಂಡೊಯ್ದಿತೋ ಹಾಗೇ ತಂದು ಬಿಡಲಿ.

ನಿನ್ನ ಅಮ್ಮ,
ಫುಸಾ

ಮರೆಯುವ ಮೊದಲು: ಲಕೋಟೆ ಅಂಟಿಸುವಷ್ಟರಲ್ಲಿ ಚಿಹೋ ಬಂದು ಪಕ್ಕದಲ್ಲಿ ಕೂತಳು. "ಹಡಗು ಹತ್ತೋವಾಗ ಅಪ್ಪ ನನ್ ಕೈ ಹಿಡ್ಕೊಂಡು, ಅಜ್ಜೀನ ನಿನ್ ಕೈಲಿ ಬಿಟ್ಟು ಹೋಗ್ತಿದೀನಿ ಅಂದಿದ್ರು. ಕಾರಲ್ಲಿ ನಿನ್ನ ಕಳಿಸಿದ್ರೆ ಅವರಿಗೆ ಏನಂತ ಹೇಳ್ಲಿ?" ಎಂದು ಅತ್ತಳು. ಹೊರಡುವ ಗಡಿಬಿಡಿಯಲ್ಲಿ ಯಾರಾದರೂ ಆಡುವ ಮಾತು ಅದು. ಅವಳು ಅದನ್ನೇ ಹಿಡಿದು ಕೂತಿದ್ದಾಳೆ. ನಾನು ಬಿಡಿಸಲಾರೆ, ನೀನೇ ಬಿಡಿಸಬೇಕು. ಪತ್ರ ಸಿಕ್ಕಿದ ಕೂಡಲೇ ಫೋನು ಮಾಡು. ನನ್ನ ಆರೋಗ್ಯ ಕೇಳಬೇಡ, ಅವಳಿಗೇ ಫೋನು ಕೊಡಲು ಹೇಳು. ಪರೀಕ್ಷೆ ಬರಿ ಮಗಳೇ, ನಿನ್ನ ಅಜ್ಜಿ ನನ್ನ ಅಮ್ಮ, ಅವಳನ್ನು ನೋಡಿಕೊಳ್ಳಬೇಕಾದವನು ನಾನು ಎಂದು ಹೇಳು.